ಕ್ಯಾಮೆರಾ ಕಂಡ ಬೋಳುತಲೆ

"ಇನ್ನು ಮುಂದೆ ನನ್ನ ಕಣ್ಣು ತಪ್ಪಿಸಿ ಈ ಹೆದ್ದಾರಿಯಲ್ಲಿ ಒಂದು ನೊಣ ಹಾರಿದರೂ ನನ್ನನ್ನು ಕೇಳಿ!" ಎಂದು ಹದ್ದು ಸಾಹೇಬರು ಆ ಬುಧವಾರ ಬೆಳಗ್ಗೆ ಕಚೇರಿಯ ನಡುಮಧ್ಯೆ ನಿಂತು ಶಪಥ ಮಾಡಿದರು.

ಹದ್ದು ಸಾಹೇಬರು ಎಂಬ ಹೆಸರನ್ನು ಅವರಿಗೆ ಇಟ್ಟವರು ಅವರೇ. "ನಂದು ಹದ್ದಿನ ಕಣ್ಣು ಕಣ್ರೀ" ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಕೊನೆಗೆ ಕಣ್ಣು ಉದುರಿ ಹೋಗಿ ಹದ್ದು ಮಾತ್ರ ಉಳಿದಿತ್ತು. ಅವರ ಕೆಲಸವೂ ಅಂಥದ್ದೇ. ಈಗ ಹೆದ್ದಾರಿಯಲ್ಲಿ ಟೋಲ್ ಕಟ್ಟಲು ಯಾರೂ ಗಾಡಿ ನಿಲ್ಲಿಸುವ ಹಾಗಿಲ್ಲವಲ್ಲ. ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿಣದ ಕಮಾನು. ಕಾರಿನ ಮುಂದಿನ ಗಾಜಿಗೆ ಅಂಟಿಸಿದ ಟ್ಯಾಗು ಆ ಕಮಾನಿನ ಜೊತೆ ತಾನೇ ಮಾತಾಡಿಕೊಳ್ಳುತ್ತದೆ, ದುಡ್ಡು ತಾನೇ ಕಟ್ಟಾಗುತ್ತದೆ, ಗಾಡಿ ಭರ್ರೆಂದು ಹೋಗುತ್ತದೆ. ಟ್ಯಾಗು ಬಾಯಿ ಬಿಡದಿದ್ದರೆ ಕಮಾನಿನ ಮೇಲಿನ ಕ್ಯಾಮೆರಾ ಫೋಟೋ ಹೊಡೆಯುತ್ತದೆ, ಕಂಪ್ಯೂಟರು ನಂಬರ್ ಪ್ಲೇಟು ಓದುತ್ತದೆ. ಪ್ಲೇಟಿಗೆ ಕೆಸರು ಮೆತ್ತಿಯೋ ಮೂಲೆ ಮಡಚಿಯೋ ಕಂಪ್ಯೂಟರಿಗೂ ಓದಲಾಗದಿದ್ದರೆ ಆ ಫೋಟೋ ನೇರವಾಗಿ ಬರುವುದು ನಮ್ಮ ಹದ್ದು ಸಾಹೇಬರ ಮೇಜಿಗೆ! ಅವರು ಕಣ್ಣು ಕಿರಿದು ಮಾಡಿ, ಕುತ್ತಿಗೆ ಉದ್ದ ಮಾಡಿ, ನಂಬರು ಓದಿ ಟೈಪು ಮಾಡುತ್ತಾರೆ. ಯಂತ್ರಕ್ಕೇ ಬುದ್ಧಿ ಹೇಳುವ ಕೆಲಸ ತನ್ನದು ಎಂಬ ಜಂಬ ಅವರಿಗೆ.

ಶಪಥ ಮಾಡಿ ಕುರ್ಚಿಯಲ್ಲಿ ಕೂತು, ಮಣ್ಣು ಮೆತ್ತಿದ ಒಂದೆರಡು ಲಾರಿಗಳನ್ನು ಲೀಲಾಜಾಲವಾಗಿ ಓದಿ ಬಿಸಾಕಿದರು. ಮುಂದಿನ ಫೋಟೋ ಬಂತು. ಮೂಲೆ ಮಡಚಿದ ಪ್ಲೇಟು. ಆ ಮಡಚಿದ ಮೂಲೆಯನ್ನು ಅವರು ಎಲ್ಲಿ ಬೇಕಾದರೂ ಗುರುತು ಹಿಡಿಯಬಲ್ಲರು, ಏಕೆಂದರೆ ಮನೆಯ ಗೇಟಿಗೆ ಗುದ್ದಿ ಅದನ್ನು ಮಡಚಿದವರು ಅವರೇ!

"ಅರೆ! ನಮ್ಮ ಕಾರು!" ಎಂದುಕೊಂಡರು. ಪ್ರೀತಿಯಿಂದ ಫೋಟೋ ದೊಡ್ಡದು ಮಾಡಿದರು. ಮಾಡಬಾರದಿತ್ತು.

ಎಡಗಡೆ ಸೀಟಿನಲ್ಲಿ ಅವರ ಹೆಂಡತಿ. ಬಾಯಿ ಇಷ್ಟಗಲ ತೆರೆದು, ಕಣ್ಣು ಅರಳಿಸಿ, ಎರಡೂ ಕೈ ಮೇಲೆತ್ತಿ ನಗುತ್ತಿದ್ದಾಳೆ. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವನು ಯಾರೋ ಒಬ್ಬ ಗಂಡಸು. ಅವಳ ಕಡೆಗೇ ಬಗ್ಗಿದ್ದಾನೆ. ಮುಖ ಕಾಣುತ್ತಿಲ್ಲ. ಕಾಣುತ್ತಿರುವುದು ತಲೆ. ಆ ತಲೆಯ ನಟ್ಟನಡುವೆ ಕಾಫಿ ಸಾಸರಿನಷ್ಟು ದುಂಡಗೆ, ನುಣ್ಣಗೆ, ಬೋಳು!

ಹದ್ದು ಸಾಹೇಬರು ಪರದೆಗೆ ಮೂಗು ತಾಗಿಸಿದರು. ಫೋಟೋದ ಮೇಲಿನ ಸಾಲು ನೋಡಿದರು. ಇವತ್ತಿನ ತಾರೀಖು! ಈಗಷ್ಟೇ! ತಾನು ಬಸ್ಸು ಹತ್ತಿ ಕಚೇರಿಗೆ ಬಂದ ಬೆನ್ನಲ್ಲೇ ಕಾರು ಹೊರಟಿದೆ! ಹೊಲಿಗೆ ಅಂಗಡಿಗೆ ಹೋಗುತ್ತೇನೆ ಎಂದು ಹೇಳಿ, ಒಬ್ಬ ಬೋಳನ ಪಕ್ಕ ಕೂತು, ತನ್ನದೇ ಕಾರಿನಲ್ಲಿ! ಅದೂ ಹಾಗೆ ನಗುತ್ತಾ! ತನ್ನ ಜೊತೆ ಒಂದು ದಿನವಾದರೂ ಅವಳು ಹೀಗೆ ನಕ್ಕಿದ್ದಳೇ? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಬೋಳಿಗಿಂತ ಆ ನಗುವೇ ಅವರ ಹೊಟ್ಟೆಯಲ್ಲಿ ಬೆಂಕಿ ಇಟ್ಟಿತು.

ಮತ್ತೆ ಕಣ್ಣಿಟ್ಟು ನೋಡಿದರು. ಆ ಬೋಳನ ಶರ್ಟು ನೀಲಿ ಗೀರಿನದು. ತಮ್ಮ ಎದೆ ನೋಡಿಕೊಂಡರು. ಅದೇ ನೀಲಿ ಗೀರು! ಹೆಂಡತಿ ಟೈಲರು. ಅವಳೇ ಹೊಲಿದುಕೊಟ್ಟ ಶರ್ಟು. "ಅಯ್ಯೋ ದುರ್ವಿಧಿಯೇ! ಅದೇ ಥಾನಿನಲ್ಲಿ ಅವನಿಗೂ ಒಂದು ಹೊಲಿದುಕೊಟ್ಟಿದ್ದಾಳೆ! ಅವನ ಕಾಲರಿನ ಹಿಂದೆ ಕೆಂಪು ಪಟ್ಟಿ ಬೇರೆ ಇಟ್ಟಿದ್ದಾಳೆ! ನನಗೆ ಇಟ್ಟಿದ್ದಾಳಾ ಕೆಂಪು ಪಟ್ಟಿ?"

ಹಿಂದಿನ ಮೇಜಿನಲ್ಲಿ ಕೂರುವ ಅಕ್ಕ ಈ ಕೆಲಸದಲ್ಲಿ ಅವರಿಗಿಂತ ಹಳಬರು. ಹದ್ದು ಸಾಹೇಬರು ಅವರನ್ನು ಕರೆದರು.

"ಅಕ್ಕಾ, ಸ್ವಲ್ಪ ಇಲ್ಲಿ ನೋಡಿ. ಹೆಂಗಸಿನ ಕಡೆ ನೋಡಬೇಡಿ, ಗಂಡಸಿನ ಕಡೆ ನೋಡಿ. ಇಂಥ ತಲೆ ಎಲ್ಲಾದ್ರೂ ಕಂಡಿದ್ದೀರಾ?"

ಅಕ್ಕ ಪರದೆ ನೋಡಿದರು. ಆಮೇಲೆ ಹದ್ದು ಸಾಹೇಬರ ನೆತ್ತಿ ನೋಡಿದರು. ಮತ್ತೆ ಪರದೆ ನೋಡಿದರು. ಸೆರಗು ಬಾಯಿಗೆ ಹೋಯಿತು.

"ಕಂಡಿದ್ದೀನಿ ಸಾರ್."

"ಎಲ್ಲಿ? ಎಲ್ಲಿ ಕಂಡಿದ್ದೀರಿ?"

"ಇಲ್ಲೇ ಸಾರ್. ದಿನಾ ಕಾಣ್ತಾ ಇರುತ್ತೆ."

"ದಿನಾನಾ! ಕಚೇರಿ ಹತ್ತಿರಾನೇ ಓಡಾಡ್ತಾನಾ! ಎಷ್ಟು ಧೈರ್ಯ ನೋಡಿ! ಹೆಸರು ಹೇಳಿ ಅಕ್ಕಾ, ಒಂದು ಕೈ ನೋಡ್ಕೋತೀನಿ!"

"ನನ್ನ ಬಾಯಲ್ಲಿ ಬೇಡ ಸಾರ್" ಎಂದು ಅಕ್ಕ ಭುಜ ಕುಣಿಸುತ್ತಾ ಓಡಿಹೋದರು. ಪಾಪ, ನನ್ನ ಕಷ್ಟ ನೋಡಿ ಅಳು ತಡೆಯಲಾಗಲಿಲ್ಲ ಎಂದು ಹದ್ದು ಸಾಹೇಬರ ಕಣ್ಣೂ ಒದ್ದೆಯಾಯಿತು. ನೋಡನೋಡುತ್ತಿದ್ದಂತೆ ಕಚೇರಿಯ ಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು, ಪರದೆ ನೋಡಿ, ಅವರ ಬೆನ್ನ ಹಿಂದೆ ಒಂದು ಸುತ್ತು ಹಾಕಿ, ಕೆಮ್ಮಿಕೊಂಡು ಹೋದರು. ಮ್ಯಾನೇಜರೂ ಬಂದರು.

"ಸಾರ್, ನನಗೆ ಅರ್ಧ ದಿನ ರಜೆ ಬೇಕು."

"ಯಾಕ್ರೀ?"

"ವಿಪರೀತ ತಲೆನೋವು ಸಾರ್."

"ತೊಂದರೆ ತಲೆಯದ್ದೇ ಅಂತ ನನಗೂ ಗೊತ್ತಾಯ್ತು. ಹೋಗಿ ಬನ್ನಿ" ಎಂದರು ಮ್ಯಾನೇಜರು. ಅವರ ತುಟಿಯೂ ಅದುರುತ್ತಿತ್ತು. ಎಂಥ ದೊಡ್ಡ ಮನಸ್ಸು!

ಬಸ್ಸಿನಲ್ಲಿ ಕೂತ ಹದ್ದು ಸಾಹೇಬರು ತಮಗೆ ಗೊತ್ತಿರುವ ಬೋಳುತಲೆಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದರು. ಗಡಿಯಾರ ರಿಪೇರಿಯವರು? ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಮೂಲೆಮನೆ ಡಾಕ್ಟರು? ಅವರಿಗೆ ನಗಿಸಲು ಬರುವುದಿಲ್ಲ. ಕೊನೆಗೆ ಹೆಂಡತಿಯ ಅಂಗಡಿಗೆ ದಾರ, ಗುಂಡಿ, ಜಿಪ್ಪು ತಂದುಕೊಡುವ ಗುಂಡಿ ವ್ಯಾಪಾರಿಯ ಹತ್ತಿರ ಬಂದು ಮನಸ್ಸು ಗಕ್ಕನೆ ನಿಂತಿತು. ಮಾತುಗಾರ, ಸದಾ ಟೋಪಿ ಹಾಕುತ್ತಾನೆ. ಟೋಪಿ ಯಾಕೆ ಹಾಕುತ್ತಾನೆ? ಏನನ್ನು ಮುಚ್ಚಲು ಹಾಕುತ್ತಾನೆ?

ಅಂಗಡಿಗೆ ಕಾಲಿಟ್ಟರೆ ಎದುರಿಗೇ ಇದ್ದಾನೆ ಗುಂಡಿ ವ್ಯಾಪಾರಿ! ಕುರ್ಚಿಯಲ್ಲಿ ಆರಾಮಾಗಿ ಕೂತು ಗಾಜಿನ ಡಬ್ಬಿಗೆ ಗುಂಡಿ ತುಂಬುತ್ತಿದ್ದಾನೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಾಳೆ. ರವಿಕೆ ಅಳತೆ ಕೊಡಲು ಬಂದ ಇಬ್ಬರು ಹೆಂಗಸರು ಬೆಂಚಿನ ಮೇಲೆ. ಹದ್ದು ಸಾಹೇಬರ ಕಣ್ಣಿಗೆ ಬಿದ್ದದ್ದು ಆ ಟೋಪಿ ಮಾತ್ರ.

"ಟೋಪಿ ತೆಗೀರಿ!"

"ಆಂ?" ಎಂದ ಗುಂಡಿ ವ್ಯಾಪಾರಿ.

"ಟೋಪಿ ತೆಗೀರಿ ಅಂದೆ. ತೆಗೆದು, ತಲೆ ಬಗ್ಗಿಸಿ!"

ಆ ಮನುಷ್ಯ ಗಾಬರಿಯಾಗಿ ಟೋಪಿ ತೆಗೆದು ಬಗ್ಗಿದ. ಹದ್ದು ಸಾಹೇಬರು ಎರಡೂ ಕೈಯಲ್ಲಿ ಅವನ ತಲೆ ಹಿಡಿದು ಬೆಳಕಿಗೆ ತಿರುಗಿಸಿ ಪರೀಕ್ಷೆ ಮಾಡಿದರು. ಹಣೆಯಿಂದ ಹಿಡಿದು ಕುತ್ತಿಗೆಯವರೆಗೆ ಒಂದೇ ಸಮನೆ ಬಯಲು! ಸಾಸರೂ ಇಲ್ಲ, ಸುತ್ತಲಿನ ಕೂದಲೂ ಇಲ್ಲ. ಈ ತಲೆ ಆ ತಲೆಯಲ್ಲ.

"ಏನ್ರೀ ಇದು? ಹೇನು ನೋಡ್ತಿದ್ದೀರಾ ಅವರಿಗೆ?" ಎಂದಳು ಹೆಂಡತಿ ಯಂತ್ರ ನಿಲ್ಲಿಸಿ.

ಅಷ್ಟು ಸಾಕಾಯಿತು. ಬೆಳಗ್ಗೆಯಿಂದ ಕುದಿಯುತ್ತಿದ್ದುದೆಲ್ಲ ಉಕ್ಕಿ ಹರಿಯಿತು. "ನೀನು ಮಾತಾಡಬೇಡ! ಯಾರವನು? ನಿನ್ನ ಜೊತೆ ನಮ್ಮ ಕಾರಲ್ಲಿ ಇವತ್ತು ಬೆಳಗ್ಗೆ ಹೆದ್ದಾರಿಯಲ್ಲಿ ಹೋದ ಬೋಳುತಲೆಯವನು ಯಾರು? ನಾನು ಕಣ್ಣಾರೆ ನೋಡಿದ್ದೀನಿ! ಕ್ಯಾಮೆರಾ ಸುಳ್ಳು ಹೇಳಲ್ಲ!"

ಗುಂಡಿ ವ್ಯಾಪಾರಿಯ ಕೈಯಿಂದ ಡಬ್ಬಿ ಜಾರಿ ಅಂಗಡಿ ತುಂಬಾ ಗುಂಡಿ ಉರುಳಿದವು. ಹೆಂಡತಿ ಮಾತ್ರ ಅಲ್ಲಾಡಲಿಲ್ಲ. ಅವಳ ಮುಖದ ಬಣ್ಣ ಒಂದು ಕ್ಷಣ ಇಳಿದುಹೋಗಿದ್ದನ್ನು ಹದ್ದಿನ ಕಣ್ಣು ಕಾಣಲೇ ಇಲ್ಲ.

"ಇವತ್ತು ಬೆಳಗ್ಗೆನಾ?" ಎಂದಳು ಮೆಲ್ಲಗೆ.

"ಹೂಂ!"

"ಇವತ್ತು ಬೆಳಗ್ಗೆ ಬಾಗಿಲು ತೆಗೆದಾಗಿಂದ ಬೆಂಚಿನ ಮೇಲಿರೋ ಇವರಿಬ್ಬರೂ ಇಲ್ಲೇ ಇದ್ದಾರೆ. ಕೇಳಿ. ಕಾರು ಹೊರಗೆ ಮರದ ಕೆಳಗಿದೆ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿದೆ. ಸರಿ, ಆ ಬೋಳುತಲೆಯವನ ಶರ್ಟು ಯಾವುದು?"

"ಅದನ್ನ ನನ್ನ ಬಾಯಿಂದ ಬೇರೆ ಹೇಳಿಸ್ತೀಯಾ? ಇದೇ ನೀಲಿ ಗೀರು! ನನಗೆ ಹೊಲಿದ ಬಟ್ಟೆಯಲ್ಲೇ! ಕಾಲರಿನ ಹಿಂದೆ ಅವನಿಗೆ ವಿಶೇಷವಾಗಿ ಕೆಂಪು ಪಟ್ಟಿ!"

ಹೆಂಡತಿ ಎದ್ದಳು. ಗಂಡನ ರಟ್ಟೆ ಹಿಡಿದು, ಬಟ್ಟೆ ಹಾಕಿಕೊಂಡು ನೋಡುವ ಮೂಲೆಯ ಆಳೆತ್ತರದ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಒಂದು ಕೈಗನ್ನಡಿ ತಂದು ಅವರ ಮುಖದ ಮುಂದೆ ಹಿಡಿದಳು. "ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ. ಇನ್ನೂ ಸ್ವಲ್ಪ. ಈಗ ನೋಡಿ."

ಹದ್ದು ಸಾಹೇಬರು ನೋಡಿದರು.

ಕಾಲರಿನ ಹಿಂದೆ ಕೆಂಪು ಪಟ್ಟಿ. "ಕಾಲರ್ ಸವೆದುಹೋಗಿತ್ತು. ನೀಲಿ ಬಟ್ಟೆ ಸಾಲಲಿಲ್ಲ, ಹಿಂದೆ ತಾನೇ ಅಂತ ಕೆಂಪು ಹಾಕಿದೆ" ಎಂದಳು ಹೆಂಡತಿ. ಕೆಂಪು ಪಟ್ಟಿಯ ಮೇಲೆ ಕುತ್ತಿಗೆ. ಕುತ್ತಿಗೆಯ ಮೇಲೆ ಕೂದಲು. ಕೂದಲಿನ ನಟ್ಟನಡುವೆ ದುಂಡಗೆ, ನುಣ್ಣಗೆ, ಸಾಸರು.

"ಇದು... ಇದು ಯಾವಾಗ ಆಯ್ತು?"

"ಆಗಿ ವರ್ಷಗಳಾದ್ವು. ನಿಮಗೆ ಬೇಜಾರಾಗುತ್ತೆ ಅಂತ ನಾನು ಹೇಳಿರಲಿಲ್ಲ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಹದ್ದು ಸಾಹೇಬರಿಗೆ. ಆಗ ಒಂದೊಂದಾಗಿ ಎಲ್ಲವೂ ನೆನಪಾಗತೊಡಗಿತು. ಫೋಟೋದಲ್ಲಿ ಎರಡು ತಾರೀಖು ಇರುತ್ತವೆ. ಮೇಲಿನದು ಫೋಟೋ ಮೇಜಿಗೆ ಬಂದದ್ದು, ಕೆಳಗಿನದು ಕ್ಯಾಮೆರಾ ಕ್ಲಿಕ್ ಎಂದದ್ದು. "ಮೇಲಿನದನ್ನು ನೋಡಿ ಮೋಸಹೋಗಬೇಡಿ" ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಪಾಠ ಹೇಳುವವರು ತಾವೇ! ಕಳೆದ ಭಾನುವಾರ ಇಬ್ಬರೂ ಹೆಂಡತಿಯ ಅಕ್ಕನ ಮನೆಗೆ ಹೋಗಿದ್ದರು. "ಅಂಟಿಸೋಕೆ ಅಂಗಡಿಯವನು ಯಾಕೆ, ನಾನಿಲ್ವಾ" ಎಂದು ಸಾಹೇಬರು ತಾವೇ ಅಂಟಿಸಿದ್ದ ಟ್ಯಾಗು ಸರಿಯಾಗಿ ಕಮಾನಿನ ಹತ್ತಿರ ಕಳಚಿಕೊಂಡು ಹೆಂಡತಿಯ ಕಾಲ ಬಳಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಅವರು ಬಗ್ಗಿದ್ದರು. ಅಷ್ಟೇ. ಅವರ ಮಟ್ಟಿಗೆ ಅದು ನೆನಪಿಡುವಂಥ ಸಂಗತಿಯೂ ಆಗಿರಲಿಲ್ಲ.

"ಆದ್ರೆ ನೀನು..." ಅವರಿಗೆ ಇನ್ನೂ ಒಂದು ಮುಳ್ಳು ಉಳಿದಿತ್ತು. "ನೀನು ಅಷ್ಟೊಂದು ನಗ್ತಾ ಇದ್ದೆಯಲ್ಲ?"

"ನಗ್ತಾ ಇದ್ನಾ?" ಹೆಂಡತಿಯ ದನಿ ಏರಿತು. "ಕಿರುಚ್ತಾ ಇದ್ದೆ ರೀ! ಮುಂದೆ ಲಾರಿ ಇತ್ತು! 'ಮುಂದೆ ನೋಡ್ರೀ, ಮುಂದೆ ನೋಡ್ರೀ' ಅಂತ ಜೀವ ಹೋಗೋ ಹಾಗೆ ಕಿರುಚಿದೆ. 'ಏನೂ ಆಗಲ್ಲ, ಸುಮ್ನಿರು' ಅಂದ್ರಿ ನೀವು. ಇಷ್ಟು ವರ್ಷ ಜೊತೆಗಿದ್ದು ನಾನು ನಗೋದು ಯಾವುದು, ಕಿರುಚೋದು ಯಾವುದು ಅಂತ ನಿಮಗೆ ಗೊತ್ತಾಗಲ್ವಾ?"

ಹದ್ದು ಸಾಹೇಬರಿಗೆ ಬೋಳಿನ ದುಃಖ ಮರೆತೇ ಹೋಯಿತು. ಅದಕ್ಕಿಂತ ದೊಡ್ಡ ನಾಚಿಕೆ ಎದೆಯ ಮೇಲೆ ಕೂತಿತ್ತು. ಇಡೀ ಕಚೇರಿಗೆ ಹೆಂಡತಿಯ ಫೋಟೋ ತೋರಿಸಿ ಬಂದಿದ್ದರು. ಅವಳ ಗಿರಾಕಿಗಳ ಮುಂದೆ ಅವಳ ಮೇಲೆ ಕೂಗಾಡಿದ್ದರು. ಅವಳೋ, ಅವರ ಮನಸ್ಸಿಗೆ ನೋವಾದೀತೆಂದು ಒಂದು ಸಾಸರಿನ ಗುಟ್ಟನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಳು. ಅವರು ತಲೆ ತಗ್ಗಿಸಿದರು.

ನೆಲದ ಮೇಲೆ ಗುಂಡಿ ಹೆಕ್ಕುತ್ತಿದ್ದ ಗುಂಡಿ ವ್ಯಾಪಾರಿ ಈ ಹೊತ್ತಿಗೇ ಕಾದಿದ್ದವನಂತೆ ಹೇಳಿದ: "ತಲೆ ತಗ್ಗಿಸ್ಬೇಡಿ ಸಾಹೇಬ್ರೇ, ಇನ್ನೂ ಚೆನ್ನಾಗಿ ಕಾಣುತ್ತೆ."

ಬೆಂಚಿನ ಹೆಂಗಸರು ಇನ್ನು ತಡೆಯಲಾರದೆ ಹೊರಗೆ ಹೋಗಿ ನಗತೊಡಗಿದರು. ಗುಂಡಿ ವ್ಯಾಪಾರಿಯೂ ಟೋಪಿ ಹಾಕಿಕೊಂಡು ಎದ್ದುಹೋದ. ಗಂಡ ಹೆಂಡತಿ ಇಬ್ಬರೇ ಉಳಿದರು. ಹೆಂಡತಿ ಏನೂ ಆಗಿಲ್ಲವೆಂಬಂತೆ ಪ್ಯಾಂಟಿನ ಅಂಚು ಹೊಲಿಯತೊಡಗಿದಳು. ಹದ್ದು ಸಾಹೇಬರು ಯಂತ್ರದ ಪಕ್ಕ ಬಂದು ನಿಂತರು.

"ಬೈಯಿ ಮಾರಾಯ್ತಿ. ನಾಲ್ಕು ಮಾತು ಬೈದುಬಿಡು. ನಾನು ಮಾಡಿದ್ದು ತಪ್ಪು. ನಿನ್ನ ಮೇಲೆ ಅನುಮಾನ ಪಟ್ಟೆನಲ್ಲ, ನನಗೆ ನಿನ್ನ ಮುಖ ನೋಡೋಕೂ ಆಗ್ತಿಲ್ಲ."

"ಅನುಮಾನ ಪಟ್ರಿ, ಅದನ್ನ ಬೇಕಾದ್ರೆ ಇವತ್ತಲ್ಲ ನಾಳೆ ಮರೀತೀನಿ" ಎಂದಳು ಅವಳು ಹಲ್ಲಿನಲ್ಲಿ ದಾರ ಕಚ್ಚಿ ಕಡಿಯುತ್ತಾ. "ಆದ್ರೆ ಅಂಥ ತಲೆಯವನ ಜೊತೆ ನಾನು ಕಾರು ಹತ್ತಿ ಹೋಗ್ತೀನಿ ಅಂತ ನಂಬಿಬಿಟ್ರಲ್ಲ, ಅದನ್ನ ಹೇಗೆ ಮರೀಲಿ? ನನಗೆ ಅಷ್ಟೂ ಅಭಿರುಚಿ ಇಲ್ವಾ?"

ಹದ್ದು ಸಾಹೇಬರು ನೆತ್ತಿ ಸವರಿಕೊಂಡರು. ಕ್ಷೀಣವಾದ ದನಿಯಲ್ಲಿ, "ಇಷ್ಟು ವರ್ಷದಿಂದ ಅಂಥ ತಲೆಯವನ ಜೊತೆನೇ ಇದ್ದೀಯಲ್ಲ?" ಎಂದರು.

"ಅದು ಮದುವೆ ರೀ. ನಮ್ಮಪ್ಪ ನೋಡಿದ್ದು" ಎಂದಳು ಹೆಂಡತಿ, ಸೂಜಿಗೆ ಹೊಸ ದಾರ ಪೋಣಿಸುತ್ತಾ. "ಓಡಿಹೋಗೋದಾಗಿದ್ರೆ ನಾನೇ ನೋಡಿ ಆರಿಸ್ಕೊಳ್ತಿದ್ದೆ."