ಕಾರಿನ ಖಾನೆಯ ಬಾಯಿ ಹೊಲಿದೆ!

ನನ್ನ ಭಾವಮೈದುನನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸುವ ಯೋಚನೆಯೂ ಇಲ್ಲ. ಹೊಸ ಕಾರು ಕೊಂಡವನು ಅದನ್ನು ಓಡಿಸಿಕೊಂಡು ಸುಮ್ಮನಿರಬೇಕು ತಾನೇ? ಇವನು ನನ್ನ ಹಳೆಯ ಕಾರಿನಲ್ಲಿ ಕೂತು, ಮುಂದಿನ ಖಾನೆ ತೆರೆದು, ಮುಚ್ಚಿ, "ಭಾವ, ಇದೇನು ಕಾರೋ ಪಾತ್ರೆ ಅಂಗಡಿಯೋ?" ಎಂದ. ಅದೂ ನನ್ನ ಹೆಂಡತಿಯ ಎದುರಿಗೆ, ನನ್ನದೇ ಪೆಟ್ರೋಲಿನಲ್ಲಿ!

ಖಾನೆ ಎಂದರೆ, ಪಕ್ಕದ ಸೀಟಿನವರ ಮೊಣಕಾಲಿನ ಎದುರಿಗೆ ಇರುತ್ತದಲ್ಲ, ಕಾಗದಪತ್ರ, ಟಾರ್ಚು, ಒರೆಸುವ ಬಟ್ಟೆ ಎಲ್ಲ ತುರುಕುವ ಗೂಡು, ಅದು. ನನ್ನ ಕಾರಿನಲ್ಲಿ ಅದರ ಮುಚ್ಚಳ ಹಾಕಿದರೆ 'ಠಪ್!' ಎನ್ನುತ್ತಿತ್ತು. ಒಪ್ಪುತ್ತೇನೆ, ಮಲಗಿದ ಬೀದಿನಾಯಿ ಎದ್ದು ಕೂತು ತನ್ನ ತಪ್ಪೇನೆಂದು ಯೋಚಿಸುವಷ್ಟು ಸದ್ದು. ಹಾಗೆಂದು ಪಾತ್ರೆ ಅಂಗಡಿಯೇ?

ನಾನು ವಾಹನಗಳ ಸೀಟು ಹೊಲಿಯುವವನು. ಶಾಲೆ ನನ್ನನ್ನು ಐದನೇ ಕ್ಲಾಸಿಗೇ ಕೈಬಿಟ್ಟಿತು. ಸೂಜಿ, ಸ್ಪಂಜು, ರೆಕ್ಸಿನ್ನು ಇನ್ನೂ ಕೈಬಿಟ್ಟಿಲ್ಲ. ಎಂಥೆಂಥ ಲಾರಿಗಳ ಸೀಟನ್ನು ಸಿಂಹಾಸನ ಮಾಡಿದ ನನಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಯಾವ ಲೆಕ್ಕ?

"ಈ ಖಾನೆಯ ಬಾಯಿ ಹೊಲಿಯದಿದ್ದರೆ ನಾನು ಸೂಜಿ ಹಿಡಿದ ಗಂಡಸೇ ಅಲ್ಲ!" ಎಂದು ಘೋಷಿಸಿದೆ.

"ಅದು ಸದ್ದು ಮಾಡಿದ್ರೆ ನಿಮ್ಗೇನು ತೊಂದ್ರೆ?" ಎಂದಳು ಹೆಂಡತಿ.

"ನಿನ್ನ ತಮ್ಮನ ಕಾರಿಂದು ಬೆಕ್ಕಿನ ಹಾಗೆ ಮುಚ್ಕೊಳ್ಳುತ್ತಂತೆ!"

"ಅವನ ಮನೇಲಿ ಅವನೂ ಬೆಕ್ಕಿನ ಹಾಗೇ ಇರ್ತಾನೆ. ಅಲ್ಲಿಗೆ ಅಷ್ಟು ಸಾಕು."

"ಏನಂದೆ?"

"ಏನಿಲ್ಲ. ಹೊಲೀರಿ."

ಭಾನುವಾರ ತಲೆಯನ್ನು ಕಾರಿನೊಳಗಿಟ್ಟು, ಕಾಲನ್ನು ಬೀದಿಗೆ ಬಿಟ್ಟು ಮಲಗಿದೆ. ತೆರೆದು ಮುಚ್ಚಿ, ಮುಚ್ಚಿ ತೆರೆದು, ಕಿವಿಗೊಟ್ಟು ಕೇಳಿದೆ. ಒಂದೇ ಸದ್ದು ಅಂದುಕೊಂಡದ್ದು ಎರಡು! ಮುಚ್ಚಳ ಚೌಕಟ್ಟಿಗೆ ಬಡಿಯುವುದು 'ಧಪ್'. ಅದರ ಕೊಕ್ಕೆ ಒಳಗಿನ ಕಂಬಿಯನ್ನು ಕಚ್ಚುವುದು 'ಟಕ್'. ಇಬ್ಬರೂ ಕೂಡಿ ನನ್ನ ಮಾನ ತೆಗೆಯುತ್ತಿದ್ದರು. ಮೊದಲು ಅಂಚಿಗೆಲ್ಲ ದಪ್ಪ ಉಣ್ಣೆಬಟ್ಟೆ ಅಂಟಿಸಿದೆ. ಹಲ್ಲು ಕೀಳಿಸಿಕೊಂಡವನ ಬಾಯಿಯಂತೆ ಖಾನೆ ಮುಚ್ಚಲೇ ಒಲ್ಲೆನೆಂದಿತು. ಅದನ್ನು ಕಿತ್ತು, ಎರಡು ಮೂಲೆಗಷ್ಟೇ ತೆಳು ಸ್ಪಂಜು ಇಟ್ಟೆ. 'ಧಪ್' ಸತ್ತಿತು. ಸೈಕಲ್ಲಿನ ವಾಲ್ವಿನ ಹಳೆಯ ರಬ್ಬರ್ ಟ್ಯೂಬನ್ನು ಕತ್ತರಿಸಿ ಕಂಬಿಗೆ ಅಂಗಿಯಂತೆ ತೊಡಿಸಿದೆ, ಮೇಲೆ ಚೂರು ಗ್ರೀಸು. 'ಟಕ್' ಕೂಡ ಕೊನೆಯುಸಿರೆಳೆಯಿತು. ಈಗ ಖಾನೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಮುಚ್ಚುತ್ತಿತ್ತು. ಮುಚ್ಚಿತೋ ಇಲ್ಲವೋ ಎಂಬುದೇ ತಿಳಿಯದಷ್ಟು ಮೌನ!

ಆ ವಾರವೇ ಬಸ್ಸುಗಳ ಯಜಮಾನರೊಬ್ಬರು ನಮ್ಮ ಅಂಗಡಿಗೆ ಬಂದರು. ತಮ್ಮ ಬಸ್ಸುಗಳ ಸೀಟುಗಳನ್ನೆಲ್ಲ ಹೊಸದಾಗಿ ಹೊಲಿಸಬೇಕಂತೆ. ನಮ್ಮಲ್ಲಿರುವುದು ಎರಡು ಮೆಷಿನು. ಒಂದು ಕೆಲಸವಿಲ್ಲದೆ ಎಷ್ಟೋ ಕಾಲದಿಂದ ಮುಸುಕು ಹೊದ್ದು ಮಲಗಿತ್ತು. ಇನ್ನೊಂದೂ ಆಕಳಿಸತೊಡಗಿತ್ತು. ಈ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ತಪ್ಪಿದರೆ ಬಾಗಿಲೆಳೆಯುವುದೇ ಸೈ. ಅಳತೆಗೆಂದು ಬಸ್ ಶೆಡ್ಡಿಗೆ ಹೊರಟೆವು. ಯಜಮಾನರು ಹಿಂದೆ, ನಾನು ಸ್ಟೇರಿಂಗಿನಲ್ಲಿ, ಅಂಗಡಿಯ ಅಳತೆ ಕತ್ತರಿಗಳ ಒಡತಿಯಾದ ಹೆಂಡತಿ ನನ್ನ ಪಕ್ಕದಲ್ಲಿ.

ಹತ್ತುವ ಮುಂಚೆ ಅವಳು ಪಿಸುಗುಟ್ಟಿದಳು: "ರೀ, ಅವರು ಏನಂದ್ರೂ ಹೂಂ ಅನ್ನಿ."

"ನಾನೇನು ಮಗುವಾ?"

"ಮಗು ಆಗಿದ್ರೆ ಎತ್ಕೊಂಡು ಆಚೆ ಹೋಗ್ತಿದ್ದೆ."

ಅರ್ಧ ದಾರಿ ಸರಿಯಾಗಿಯೇ ಹೋಯಿತು. ಆಮೇಲೆ ಯಜಮಾನರು, "ಸ್ಪಂಜು ಒಂದು ಬೆರಳಿನಷ್ಟಿದ್ರೆ ಸಾಕಪ್ಪ" ಎಂದರು.

"ಅಷ್ಟು ತೆಳುವಾದ್ರೆ ಹಲಗೆ ಮೇಲೆ ಕೂತ ಹಾಗಾಗುತ್ತೆ, ಯಜಮಾನ್ರೇ."

"ಜನ ಹೊಂದ್ಕೋತಾರೆ ಬಿಡು."

ಹೊಂದ್ಕೋತಾರೆ! ನನ್ನೊಳಗೆಲ್ಲೋ ಒಂದು ಬೆಂಕಿಕಡ್ಡಿ ಗೀರಿದಂತಾಯಿತು. ಪಕ್ಕದಲ್ಲಿ ಹೆಂಡತಿ ಖಾನೆ ತೆರೆದು ಮುಚ್ಚಿದ್ದು ಓರೆಗಣ್ಣಿಗೆ ಕಂಡಿತು. ಕಿವಿಗೆ ಮಾತ್ರ ಏನೂ ಕೇಳಿಸಲಿಲ್ಲ.

"ನಿಮ್ಮ ಬಸ್ಸಲ್ಲಿ ಕೂರೋದು ಜನಾನಾ, ಆಲೂಗಡ್ಡೆ ಮೂಟೇನಾ?" ಎಂದೆ.

ಅವಳು ಮತ್ತೆ ಖಾನೆ ತೆರೆದಳು, ಮುಚ್ಚಿದಳು. ನಿಶ್ಶಬ್ದ.

"ಮೂಟೆಗಾದ್ರೂ ಸುತ್ತ ಗೋಣಿ ಇರುತ್ತೆ!"

ಮತ್ತೆ ತೆರೆದಳು, ಮುಚ್ಚಿದಳು. ಇವಳಿಗೇನಾಗಿದೆ, ಅಳತೆಯ ಟೇಪು ಸಿಗುತ್ತಿಲ್ಲವೇ ಎಂದುಕೊಂಡು ಮುಂದುವರಿದೆ.

"ಸ್ವಲ್ಪ ನಿಧಾನ..." ಎಂದರು ಯಜಮಾನರು.

"ನಿಧಾನ ಏನು ಬಂತು! ಇಷ್ಟು ದಪ್ಪ ಮನುಷ್ಯ ಇಷ್ಟು ತೆಳ್ಳಗೆ ಯೋಚ್ನೆ ಮಾಡೋದನ್ನ ನಾನೆಲ್ಲೂ ನೋಡಿಲ್ಲ!"

ಈ ಸಲ ಅವಳು ಎರಡೂ ಕೈಯಿಂದ ಖಾನೆಯನ್ನು ಅಪ್ಪಳಿಸಿದಳು. ನಾನು ತೊಡಿಸಿದ ರಬ್ಬರಂಗಿಯ ಮೇಲೆ ಕೊಕ್ಕೆ ಜಾರಿತು. ಮುಚ್ಚಳ ಚಿಮ್ಮಿ ಹಿಂದಕ್ಕೆ ಬಂತು. ಕಾಗದಪತ್ರ, ಚಿಂದಿ ಬಟ್ಟೆ, ಅರ್ಧ ತಿಂದ ಬಿಸ್ಕತ್ತು ಎಲ್ಲ ಅವಳ ಮಡಿಲಿಗೆ! ಟಾರ್ಚು ನನ್ನ ಕಾಲ ಬುಡಕ್ಕೆ! ಗಾಬರಿಯಿಂದ ಕಾರು ನಿಲ್ಲಿಸಿದೆ. ಯಜಮಾನರು ಸದ್ದಿಲ್ಲದೆ ಇಳಿದರು.

"ನಡ್ಕೊಂಡು ಹೋಗ್ತೀನಪ್ಪ. ಕಾಲಿಗೆ ಸ್ಪಂಜಿನ ಗೊಡವೆ ಇಲ್ಲ" ಎಂದವರೇ ಹೊರಟೇಬಿಟ್ಟರು.

ನಾನು ಹೆಂಡತಿಯತ್ತ ತಿರುಗಿದೆ. ಸಿಟ್ಟಿಗೆ ಯಾರಾದರೂ ಬೇಕಲ್ಲ!

"ಆ ಖಾನೆ ಜೊತೆ ಏನು ಆಟ ಆಡ್ತಿದ್ದೆ?"

"ಬ್ರೇಕ್ ಹಾಕ್ತಿದ್ದೆ."

"ಬ್ರೇಕ್ ನನ್ನ ಕಾಲ ಕೆಳಗಿದೆ!"

"ಅದು ಕಾರಿಂದು" ಎಂದಳು. ಬಿಸ್ಕತ್ತಿನ ಪುಡಿ ಕೊಡವಿಕೊಳ್ಳುತ್ತ, ತಣ್ಣಗೆ ಹೇಳಿದಳು: "ನಿಮಗೆ ಸಿಟ್ಟು ಬಂದ್ರೆ ಹಾರ್ನ್ ಇದೆ. ನನಗೆ ಇದ್ದದ್ದು ಇದೊಂದೇ. ಠಪ್ ಅಂದ್ರೆ ಬೆಚ್ಚಿಬೀಳ್ತಿದ್ರಿ, ಮಾತು ಅಲ್ಲಿಗೇ ತುಂಡಾಗ್ತಿತ್ತು. ನಾಲ್ಕು ಜನರ ಮುಂದೆ ಗಂಡನಿಗೆ ಬಾಯ್ಮುಚ್ಚಿ ಅನ್ನೋಕಾಗುತ್ತಾ? ಖಾನೆ ಬಾಯಿ ಮುಚ್ತಿದ್ದೆ."

ಸಿಗ್ನಲ್ಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಭಾವಮೈದುನನ ಮನೆಯ ಗೇಟಿನ ಮುಂದೆ, ಎಲ್ಲೆಲ್ಲಿ ನಾನು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಿದ್ದೆನೋ ಅಲ್ಲೆಲ್ಲ ಒಂದು 'ಠಪ್' ಇದ್ದದ್ದು ಈಗ ಒಂದೊಂದಾಗಿ ನೆನಪಾಯಿತು. ವಯಸ್ಸಾದಂತೆ ತಾಳ್ಮೆ ಬಂದಿದೆಯೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ತಾಳ್ಮೆ ನನ್ನದಲ್ಲ ಸ್ವಾಮಿ, ಪ್ಲಾಸ್ಟಿಕ್ಕಿನದು! ಅದನ್ನೂ ನನ್ನ ಕೈಯಾರೆ ಗ್ರೀಸು ಹಚ್ಚಿ ಕೊಂದಿದ್ದೆ.

ಅಷ್ಟರಲ್ಲಿ ಅವಳು ಇಳಿದು ಯಜಮಾನರ ಹಿಂದೆ ಓಡಿದಳು. ಗಾಜಿನಾಚೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಅವರು ಕೈ ಬೀಸಿದರು. ಇವಳು ತಲೆ ತಗ್ಗಿಸಿದಳು. ಅವರು ಎರಡು ಹೆಜ್ಜೆ ಮುಂದೆ ಹೋದರು. ಇವಳು ಅಡ್ಡ ನಿಂತಳು. ಆ ಬಿಸಿಲಿನಲ್ಲಿ, ಸೀಟು ಹೊಲಿಯುವವನ ಹೆಂಡತಿ, ಯಾರದೋ ನಾಲಿಗೆಗಾಗಿ! ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು. ಉಗುರಿನಿಂದ ಕೆರೆದು ಕಂಬಿಯ ರಬ್ಬರನ್ನು ಕಿತ್ತೆಸೆದೆ.

ಇಬ್ಬರೂ ಮರಳಿ ಬಂದರು. ಯಜಮಾನರ ಮುಖದಲ್ಲಿ ನಗು ಇದ್ದಂತಿತ್ತು.

"ಸ್ಪಂಜು ನೀನಂದಷ್ಟೇ ದಪ್ಪ ಹಾಕು" ಎಂದರು. "ಆದ್ರೆ ಇನ್ನು ಮಾತುಕತೆ ಎಲ್ಲ ಈ ಅಮ್ಮನ ಹತ್ರ. ನೀನು ಸೂಜಿ ಹಿಡಿ, ಸಾಕು. ನಾನು ಹಿಂದಿಂದ ನೋಡ್ತಾನೇ ಇದ್ದೆ ಕಣಪ್ಪ, ಆ ತಾಯಿ ಎಷ್ಟು ಸಲ ಖಾನೆಗೆ ಕೈ ಹಾಕಿದ್ರು ಅಂತ. ನಮ್ಮನೇಲಿ ಅದಕ್ಕೆ ಅಡುಗೆಮನೆ ಬಾಗಿಲಿದೆ."

ಅಳತೆ ಮುಗಿಸಿ, ಯಜಮಾನರನ್ನು ಅವರ ಶೆಡ್ಡಿನಲ್ಲೇ ಬಿಟ್ಟು ನಾವಿಬ್ಬರೇ ಹಿಂದಿರುಗುವಾಗ ಕೇಳಿದೆ: "ಅವರಿಗೆ ಏನು ಹೇಳಿದೆ?"

"ನಿಮ್ಮ ಪರವಾಗಿ ಕ್ಷಮೆ ಕೇಳ್ದೆ."

ರಸ್ತೆಯ ಮೇಲೇ ಕಣ್ಣಿಟ್ಟು, ಎಳೆದೆಳೆದು ಹೇಳಿದೆ: "ಹಾಗಾದ್ರೆ... ನಾನು ನಿನಗೆ ಒಂದು ಕ್ಷಮೆ ಬಾಕಿ."

"ಒಂದಾ?" ಎಂದು ನಕ್ಕಳು. "ಮಹಡಿ ಮನೆಯವರು, ಹಾರ್ಡ್‌ವೇರ್ ಅಂಗಡಿಯವರು, ಮಗಳ ಲೆಕ್ಕದ ಮೇಷ್ಟ್ರು, ಬ್ಯಾಂಕಿನ ಕಾವಲಿನವರು... ನೀವು ಕೂಗಿ ಬಂದ ಕಡೆಗೆಲ್ಲ ನಾನು ಹಿಂದೆಯೇ ಹೋಗಿ ಬಂದಿದ್ದೀನಿ."

"ಎಲ್ಲಾ ಸೇರಿಸಿ ಒಂದೇ ಸಲ ಕೇಳಿಬಿಡ್ಲಾ?"

"ಸಗಟಾಗಿ ತಗೊಳ್ಳಲ್ಲ ನಾನು. ಬಿಡಿಬಿಡಿಯಾಗಿ ಕೇಳಿ."

ಸರಿ, ಮೊದಲನೆಯದನ್ನು ಅಲ್ಲೇ ತೀರಿಸೋಣವೆಂದು ಗಂಟಲು ಸರಿಮಾಡಿಕೊಂಡೆ. ಅದೇ ಗಳಿಗೆಗೆ ಒಬ್ಬ ಸ್ಕೂಟರಿನವನು ಅಡ್ಡ ನುಗ್ಗಬೇಕೇ! ಅವಳ ಕೈ ಖಾನೆ ಮುಟ್ಟುವಷ್ಟರಲ್ಲಿ ನನ್ನ ಬಾಯಿ ಅವನನ್ನು ಮುಟ್ಟಿಯಾಗಿತ್ತು. ಅವಳು ನಿಟ್ಟುಸಿರುಬಿಟ್ಟು ಗಾಜು ಇಳಿಸಿ, "ಏನೂ ಅಂದ್ಕೋಬೇಡಿ ಅಣ್ಣಾ" ಎಂದು, ಮತ್ತೆ ಗಾಜು ಏರಿಸಿ ನನ್ನತ್ತ ತಿರುಗಿದಳು.

"ಹೂಂ, ಏನೋ ಹೇಳೋಕೆ ಹೊರಟಿದ್ರಿ?"

ಬಸ್ಸುಗಳಿಗೆ ಸೀಟು ಹೊಲಿದು ಕೊಟ್ಟಾಯಿತು, ಎರಡೂ ಮೆಷಿನು ಓಡುತ್ತಿವೆ. ಆ ಮೊದಲನೆಯ ಕ್ಷಮೆಯನ್ನು ಮಾತ್ರ ನಾನಿನ್ನೂ ಕೇಳಿಲ್ಲ.