ದಫೇದಾರನ ಹರಿದ ದೋಸೆ

ಕುಕ್ಕರುಗಳು ಶಂಖನಾದಗೈಯುವ, ಮಿಕ್ಸಿಗಳು ಮೇಘದಂತೆ ಗರ್ಜಿಸುವ ಈ ಕಲಿಯುಗದ ಪ್ರಥಮ ಪಾದದಲ್ಲಿ, ಕೊಬ್ಬರಿಯ ಪರಿಮಳದಿಂದ ದಶದಿಕ್ಕುಗಳನ್ನೂ ತಣಿಸುವ ತಿಪಟೂರೆಂಬ ಪಟ್ಟಣದಲ್ಲಿ, ಟೈಲರ್ ವಾಗೀಶನ ಹಿತ್ತಲನ್ನು ಏಕಚ್ಛತ್ರದಡಿ ಆಳುತ್ತಿರುವ ಮಾರ್ಜಾಲಕುಲಕುಠಾರನೇ, ಪತ್ರವಾಹಕಜನಭಯಂಕರನೇ, ಗೋಣಿಚೀಲಸಿಂಹಾಸನಾರೂಢನಾದ ಶ್ವಾನಸಾರ್ವಭೌಮ ದಫೇದಾರನೇ, ನಿನಗೆ ನಮಸ್ಕಾರ. ನಿನ್ನ ಕಥೆಯನ್ನು ಹೇಳಲು ಹೊರಟಿದ್ದೇನೆ. ವಯಸ್ಸಾಗಿ ನಿನಗೆ ಕಿವಿ ಮಂದವಾಗಿರುವುದರಿಂದ ಸ್ವಲ್ಪ ಧೈರ್ಯವಾಗಿಯೇ ಹೇಳುತ್ತೇನೆ.

ಆ ಮನೆಯಲ್ಲಿ ದಫೇದಾರನಿಗೊಂದು ರಾಜಮರ್ಯಾದೆ ಸಲ್ಲುತ್ತಿತ್ತು. ಬೆಳಗಿನ ಕಾವಲಿ ಮೊದಲ ದೋಸೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಷ್ಟೆ. ವಾಗೀಶನ ಧರ್ಮಪತ್ನಿ ಪಂಕಜಾಕ್ಷಿ ಅದನ್ನು ಕೆರೆದು, ಹರಿದು, ಮುದ್ದೆ ಮಾಡಿ ಎಬ್ಬಿಸಿ ಹಿತ್ತಲ ಬಾಗಿಲಲ್ಲಿಡುತ್ತಿದ್ದಳು. ಅದನ್ನು ತಿಂದೇ ದಫೇದಾರ ರಾಜ್ಯಭಾರ ಆರಂಭಿಸುತ್ತಿದ್ದ. ಮೂರು ಲೋಕದಲ್ಲಿ ಅವನನ್ನು ಸೋಲಿಸಿದ್ದು ಪಶುವೈದ್ಯರ ಕಹಿ ಗುಳಿಗೆಯೊಂದೇ. ಅದೂ ನೇರ ಯುದ್ಧದಲ್ಲಲ್ಲ, ವೇಷ ಮರೆಸಿಕೊಂಡು ಬಂದು.

ಹೀಗಿರಲು ಒಂದು ಸಂಜೆ ವಾಗೀಶನ ಸ್ಕೂಟರಿನ ಮುಂಭಾಗದಲ್ಲಿ, ವಜ್ರಕಪಾಲೆಯೂ ವಿಶಾಲವಕ್ಷೆಯೂ ಪಾದರಕ್ಷಾವಿದಾರಣನಿಪುಣೆಯೂ ಆದ, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಎಂಬ ಪರದೇಶದ ಮಲ್ಲವಂಶದಲ್ಲಿ ಹುಟ್ಟಿದ ವೀರಾಂಗನೆಯೊಬ್ಬಳು ಬಂದಿಳಿದಳು. ಅವಳ ನಾಮಧೇಯ ಪಿಂಕಿ. ಗಿರಾಕಿಯೊಬ್ಬರಿಗೆ ವರ್ಗವಾಗಿ, ಹೋಗಬೇಕಾದ ಊರಿನ ಬಾಡಿಗೆ ಮನೆಯಲ್ಲಿ ನಾಯಿ ಸೇರಿಸದೆ, ಅವರು ಪೇಚಾಡುತ್ತಿದ್ದಾಗ ವಾಗೀಶ ಮನೆಯಲ್ಲಿ ಒಂದು ಮಾತೂ ಕೇಳದೆ ಹೂಂ ಅಂದುಬಿಟ್ಟಿದ್ದ. ದಾರಿಯುದ್ದಕ್ಕೂ ಅವಳು ತನ್ನ ಬಂಡೆಯಂಥ ತಲೆಯನ್ನು ಅವನ ಮೊಣಕಾಲಿಗೆ ಒರಗಿಸಿಕೊಂಡಿದ್ದಳು. ಮನೆ ತಲುಪುವ ಹೊತ್ತಿಗೆ ಅವನಿಗೆ ಅವಳ ಮೇಲೆ ಪ್ರಾಣವೇ ಬಂದಿತ್ತು.

ಪಂಕಜಾಕ್ಷಿ ಹೊಸಿಲಲ್ಲೇ ರಾಜಾಜ್ಞೆ ಹೊರಡಿಸಿದಳು. "ನೋಡ್ರೀ, ನಮ್ಮ ಮುದುಕ ದಫೇದಾರ ಒಂದು ಹೊತ್ತು ಊಟ ಬಿಟ್ಟರೂ ಇವಳನ್ನ ವಾಪಸ್ ಬಿಟ್ಟು ಬರ್ತೀರ. ಅವನು ಕೊರಗಿ ಗಿರಗಿ ಏನಾದ್ರೂ ಆದ್ರೆ ನಾನು ಸುಮ್ನಿರಲ್ಲ."

ವಾಗೀಶ ಒಪ್ಪಿದ. ಒಪ್ಪದೆ ಬೇರೆ ದಾರಿಯಿರಲಿಲ್ಲ.

ಆಮೇಲೆ ನಡೆದ ಮಹಾಸಮರವನ್ನು ಏನೆಂದು ಬಣ್ಣಿಸಲಿ? ಪಿಂಕಿ ಹಿತ್ತಲಿಗೆ ನುಗ್ಗಿದವಳೇ ಮುಂಗಾಲು ಚಾಚಿ, ಹಿಂಭಾಗವೆತ್ತಿ, ಸಿಂಹಾಸನದ ತುದಿಗೆ ಬಾಯಿ ಹಾಕಿದಳು. ದಫೇದಾರ ಗುರುಗುಟ್ಟಿದ. ಆ ಗುರುಗುಟ್ಟುವಿಕೆಯ ತಾತ್ಪರ್ಯ ಇದು: "ಎಲೆ ಬಾಲೆ, ಈ ಗೋಣಿ ಯಾರದ್ದೆಂದು ಬಲ್ಲೆಯಾ? ಹಾಲಿನವನ ಸೈಕಲ್ಲನ್ನು ಊರ ಅಗಸೆಬಾಗಿಲವರೆಗೆ ಅಟ್ಟಿದವನದು. ಪಟಾಕಿಯ ಸದ್ದಿಗೆ ಮಂಚದ ಕೆಳಗೆ ಸೇರಿಯೂ ಮಾನ ಉಳಿಸಿಕೊಂಡವನದು. ಪ್ರಾಣದಾಸೆಯಿದ್ದರೆ ಹಿಂದೆ ಸರಿ." ಇದಕ್ಕುತ್ತರವಾಗಿ ವೀರಾಂಗನೆ ಒಂದು ಸೀನು ಸೀನಿ ಗೋಣಿಯನ್ನು ಎಳೆದಳು. ದಫೇದಾರನೂ ಬಾಯಲ್ಲುಳಿದ ನಾಲ್ಕಾರು ಹಲ್ಲುಗಳ ಚತುರಂಗಬಲವನ್ನು ಕೂಡಿಸಿ ಎಳೆದ. ಬಟ್ಟೆ ಒಣಹಾಕಿದ ಹಗ್ಗ ನಡುಗಿತು, ಬಕೆಟ್ಟು ಉರುಳಿತು. ಅಷ್ಟರಲ್ಲಿ ಒಂದು ಚಿಟ್ಟೆ ಹಾದುಹೋಯಿತು. ಪಿಂಕಿ ಬಾಯಿ ಬಿಟ್ಟು ಅದರ ಹಿಂದೆ ಓಡಿದಳು. ದಫೇದಾರ ಗೋಣಿಸಮೇತ ಹಿಮ್ಮುಖವಾಗಿ ಬಿದ್ದು, ಗೋಡೆಗೆ ಮುಖ ಮಾಡಿ ಮಲಗಿದ.

ಬೆಳಗಾಯಿತು. ಅವನ ಬೆನ್ನು ನೋಡಿ ಪಂಕಜಾಕ್ಷಿಗೆ ಅಯ್ಯೋ ಅನಿಸಿತು. ಇಷ್ಟು ವರ್ಷ ದಿನಾ ಬೆಳಗ್ಗೆ ಹರಿದದ್ದನ್ನೇ ಹಾಕಿದೆನಲ್ಲ, ಇವತ್ತಾದರೂ ಮರ್ಯಾದೆ ಮಾಡೋಣವೆಂದು, ಕಾವಲಿಯನ್ನು ಈರುಳ್ಳಿಯಿಂದ ಉಜ್ಜಿ ಹದ ಮಾಡಿ, ಚಂದ್ರಮಂಡಲದಂತೆ ದುಂಡಗಿನ ಗರಿಗರಿ ದೋಸೆ ಹೊಯ್ದು, ತುಪ್ಪ ಸವರಿ, ಮಡಿಸಿ ಅವನ ಮುಂದಿಟ್ಟಳು. ದಫೇದಾರ ಮೂಸಿದ. ಅವಳ ಮುಖವನ್ನೊಮ್ಮೆ ನೋಡಿದ. ಮತ್ತೆ ಗೋಡೆಯ ಕಡೆ ತಿರುಗಿದ.

ರಾಜಾಜ್ಞೆ ರಾಜಾಜ್ಞೆಯೇ. ಪಿಂಕಿಯನ್ನು ವಾಪಸ್ ಬಿಟ್ಟು ಬರಲು ವಾಗೀಶ ಮೊಳೆಯಿಂದ ಅವಳ ಕೊರಳ ಬೆಲ್ಟು ತೆಗೆದ. ಆಜ್ಞೆ ಹೊರಡಿಸಿದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾತ್ರಿಯೆಲ್ಲ ಪಿಂಕಿ ಅವಳ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆದಿದ್ದಳು. ಇದ್ಯಾವುದರ ಪರಿವೆಯೂ ಇಲ್ಲದ ಪಿಂಕಿ ನುಗ್ಗಿ ಬಂದು ತುಪ್ಪದ ದೋಸೆಯನ್ನು ಒಂದೇ ತುತ್ತಿಗೆ ನುಂಗಿಬಿಟ್ಟಳು.

ದಫೇದಾರ ತಟ್ಟನೆ ತಿರುಗಿ, ಕಣ್ಣರಳಿಸಿ, ಅವಳಿಗೇನಾಗುವುದೋ ಎಂದು ನೋಡುತ್ತ ಕುಳಿತ. ಆ ನೋಟ ಕಂಡು ವಾಗೀಶನಿಗೆ ಥಟ್ಟನೆ ಹೊಳೆಯಿತು.

"ಪಂಕಜಾ, ಅವನು ಕೊರಗ್ತಿಲ್ಲ ಕಣೇ. ಕಾಯಿಲೆ ಬಿದ್ದಾಗ ಮಾತ್ರ ನೀನು ತುಪ್ಪದ ದೋಸೆ ಕೊಡ್ತೀಯ, ಒಳಗೆ ಮಾತ್ರೆ ಇಟ್ಟು. ಹರಿದಿರೋದು ಕೊಡು, ತಿಂತಾನೆ."

ಪಂಕಜಾಕ್ಷಿ ಒಲೆಗೆ ಓಡಿದಳು. ಆದರೆ ವಿಧಿಯ ಆಟ ನೋಡಿ, ಕಾವಲಿ ಹದಕ್ಕೆ ಬಂದುಬಿಟ್ಟಿತ್ತು. ಹೊಯ್ದ ದೋಸೆಯೆಲ್ಲ ಹೂವಿನಂತೆ ಏಳುತ್ತಿತ್ತು. ಅವಳು ಉರಿ ಏರಿಸಿದಳು, ಇಳಿಸಿದಳು, ಕಾವಲಿಗೆ ಶಾಪ ಹಾಕಿದಳು, ಯಾವುದೂ ಅಂಟಲಿಲ್ಲ. ಕೊನೆಗೆ ಬೆಂದೂ ಬೇಯದ ಒಂದನ್ನು ಮಗುಚುವ ಕೈಯಿಂದ ಕೆದರಿ, ಚಿಂದಿ ಮಾಡಿ, ಮುದ್ದೆ ಮಾಡಿ ತಂದಿಟ್ಟಳು.

ದಫೇದಾರ ತಿಂದ. ತಟ್ಟೆಯನ್ನೂ ನೆಕ್ಕಿದ. ತನ್ನ ಪಾಲಿನ ವಿಷವನ್ನು ತಾನೇ ನುಂಗಿದ ಆ ನೀಲಕಂಠೆಯನ್ನು ಒಮ್ಮೆ ಗೌರವದಿಂದ ನೋಡಿ, ಗೋಣಿಯ ಮೇಲೆ ನಾಲ್ಕು ಬೆರಳಿನಷ್ಟು ಸರಿದು ಜಾಗ ಬಿಟ್ಟ. ಬೆಲ್ಟು ಮರಳಿ ಮೊಳೆಗೆ ಹೋಯಿತು. ತಿಂಡಿಗೆ ತಡವಾಗಿ ವಾಗೀಶ ಅಂಗಡಿ ಬಾಗಿಲು ತೆಗೆಯುವಾಗ ಗಿರಾಕಿಗಳು ಗೊಣಗುತ್ತ ನಿಂತಿದ್ದರು.

ಈ ಪುಣ್ಯಕಥೆಯನ್ನು ಓದಿದವರ ಕಾವಲಿಯಿಂದ ಮೊದಲ ದೋಸೆಯೇ ಸಲೀಸಾಗಿ ಏಳಲಿ. ಮನೆಯಲ್ಲಿ ಮುದಿ ನಾಯಿಯಿದ್ದವರು ಮಾತ್ರ ಅದನ್ನು ದಯವಿಟ್ಟು ಹರಿದು ಹಾಕಿ.