ಮಜ್ಜಿಗೆ ಅಂಗಡಿಗೆ ಸಾಹೇಬರು ನಡೆದು ಬಂದದ್ದು

ಸಣ್ಣ ಅಂಗಡಿಯವರಿಗೆ ವ್ಯಾಪಾರದ ಪಾಠ ಹೇಳೋದು ನನ್ನ ಕೆಲಸ. ಹೇಳೋದು ನಾನು, ಕಲಿಯೋದೂ ಬಹಳ ಸಲ ನಾನೇ! ಈ ಸಲವಂತೂ ಮೇಲಿನ ಸಾಹೇಬರು, "ನಿಮ್ಮ ಪಾಠದಿಂದ ಉದ್ಧಾರವಾದ ಒಂದೇ ಒಂದು ಅಂಗಡಿ ತೋರಿಸಿ, ಇಲ್ಲದಿದ್ದರೆ ತರಬೇತಿ ಬಂದ್" ಅಂದುಬಿಟ್ಟರು. ತರಬೇತಿ ಬಂದ್ ಆದರೆ ನನ್ನ ಸಂಬಳವೂ ಬಂದ್. ಅಂಗಡಿ ಹುಡುಕಿ ಹೊರಟೆ.

ಯಳಂದೂರಿನ ಎರಡು ಬೀಗ

ಇಬ್ಬರು ಟೀ ಅಂಗಡಿಯವರಿಗೆ, "ಎದುರಾಳಿ ಹೇಗೆ ವ್ಯಾಪಾರ ಮಾಡ್ತಾನೆ, ಹೋಗಿ ಕೂತು ನೋಡಿ" ಅಂದಿದ್ದೆ. ಮಾರನೇ ದಿನ ಒಬ್ಬನ ಫೋನು: "ಸಾ, ನನ್ನಂಗ್ಡಿ ಮುಚ್ಬುಟ್ಟು ಬಂದಿವ್ನಿ, ಇಲ್ಲಿ ಅವ್ನಂಗ್ಡಿಗೂ ಬೀಗ!"

ಅದು ಇಡುವಷ್ಟರಲ್ಲಿ ಇನ್ನೊಬ್ಬನದು: "ಬೆಳಿಗ್ಗಿಂದ ಅವ್ನ ಬಾಗ್ಲಲ್ಲೇ ಕುಂತಿವ್ನಿ ಸಾ. ಅಂಗ್ಡೀನೇ ತೆಗೀದ ಈ ಸೋಂಬೇರಿ ಅದೇನ್ ಯಾಪಾರ ಮಾಡ್ತಾನೆ?"

ಕೊಳ್ಳೇಗಾಲದ ರವಿಕೆ

ಟೈಲರ್ ಒಬ್ಬರಿಗೆ "ಹೇಳಿದ ದಿನಕ್ಕೇ ಕೊಡಿ" ಅಂದಿದ್ದೆ. ಪಾಪ, ಸೋಮವಾರ ಅಂದ ರವಿಕೆ ಸೋಮವಾರವೇ ಹೊಲಿದಿಟ್ಟು ಕಾದರು. ಹೊಲಿಯಲು ಕೊಟ್ಟಿದ್ದ ಆಯಮ್ಮ ಬಂದದ್ದು ಮುಂದಿನ ಸೋಮವಾರ. "ಆಗ್ಲೇ ಆಗಿತ್ತಾ? ನಾನು ಮದ್ವೆಗೆ ಅಳೇ ರವಿಕೇಲೇ ಓದ್ನಲ್ಲಾ! ನೀವು ಯೋಳಿದ್ ದಿನ ಯಾವತ್ತು ಕೊಟ್ಟಿದ್ರಿ? ಬುದ್ಧಿ ಬದಲಾಯ್ತು ಅಂತ ಮೊದ್ಲೇ ಯೋಳ್ಬಾರ್ದಾ?" ಅಂತ ನನ್ನೆದುರೇ ಬೈದರು.

ಅಜ್ಜೀಪುರದ ಮಜ್ಜಿಗೆ

ಉಳಿದದ್ದು ಮಜ್ಜಿಗೆ ಮಾರುವ ಅಕ್ಕ ಒಬ್ಬರೇ. "ನಿಮ್ಮ ಗಿರಾಕಿ ಯಾರು?" ಅಂತ ತರಗತಿಯಲ್ಲಿ ಕೇಳಿದಾಗ, "ಮಾದಪ್ಪನ ಬೆಟ್ಟಕ್ಕೆ ಓಗೋರು ಸಾ. ಬಸ್ಸು ಕಾರಲ್ ಬಂದೋರ್ಗೆ ಕಾಸು, ಬರಿಗಾಲಲ್ಲಿ ನಡ್ಕಂಡ್ ಬಂದೋರ್ಗೆ ಪುಕ್ಸಟ್ಟೆ" ಅಂದಿದ್ದರು. ನಾನು ಎಷ್ಟು ಬಡಕೊಂಡರೂ ಬಗ್ಗಲಿಲ್ಲ. ಸುದ್ದಿ ಹಬ್ಬಿದ್ದೇ ತಡ, ಕಾರಿನವರೆಲ್ಲ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕುಂಟುತ್ತಾ ಬರತೊಡಗಿದರು!

ತೋರಿಸಲು ಬೇರೆ ಅಂಗಡಿಯಿಲ್ಲದೆ ಸಾಹೇಬರನ್ನು ಅಲ್ಲಿಗೇ ಕರೆದೆ. ಜೀಪಿನಿಂದ ಇಳಿದವರೇ ಇದನ್ನು ನೋಡಿ ಗುಡುಗಿದರು: "ಎಲ್ಲರಿಗೂ ಪುಕ್ಕಟೆ ಕೊಟ್ಟರೆ ಅದೆಂಥ ವ್ಯಾಪಾರ?"

ಅಕ್ಕ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ನಿಜವಾಗ್ಲೂ ನಡ್ದೋರ್ಗೆ ಅಸಿವು, ಮಿಕ್ಕೋರ್ಗೆ ನಾಚ್ಕೆ. ಎಲ್ರೂ ವಡೆ ತಗತಾರೆ ಸಾ. ವಡೆಗೆ ಕಾಸು."

ನೋಡಿದರೆ ಹೌದು, ವಡೆ ಇಳಿಸಿದಷ್ಟೂ ಖಾಲಿ. ಇದನ್ನು ನಾನು ಯಾವ ಪಾಠದಲ್ಲೂ ಹೇಳಿರಲಿಲ್ಲ. ಸಾಹೇಬರು ಜೀಪ್ ಹತ್ತಿ ಹೊರಟೇಬಿಟ್ಟರು. ನನ್ನ ಕೆಲಸ ಹೋಯ್ತು ಅಂತ ಅಲ್ಲೇ ಬೆಂಚಿನ ಮೇಲೆ ಕುಸಿದೆ.

ಐದು ನಿಮಿಷಕ್ಕೆ ತಿರುವಿನಿಂದ ಯಾರೋ ಕುಂಟುತ್ತಾ ಬಂದರು. ನಮ್ಮ ಸಾಹೇಬರೇ! ಕೈಯಲ್ಲಿ ಬೂಟು.

"ಅಕ್ಕಾ, ನಡ್ಕೊಂಡು ಬಂದೆ. ಒಂದು ಮಜ್ಜಿಗೆ, ನಾಲ್ಕು ವಡೆ. ಈ ಮೇಷ್ಟ್ರಿಗೂ ಕೊಡಿ, ಮುಂದಿನ ತರಬೇತಿ ಇವರೇ ನಡೆಸಬೇಕಲ್ಲ."

ಹೋದ ಜೀವ ಬಂದ ಹಾಗಾಯ್ತು ನನಗೆ. ಅಕ್ಕ ಮಾತ್ರ ಸಾಹೇಬರ ಕಾಲನ್ನೇ ನೋಡುತ್ತಿದ್ದರು.

"ಕಾಲ್ಚೀಲ ಐತಲ್ಲ ಸಾ. ಮಜ್ಗೆಗೂ ಕಾಸು."